ಅವನಿಗೆ ಊಟ ಹಾಕಿದವರು ಯಾರು? ಹಳೇ ಪಾದ್ರಿಯ ಜಾಡು ಹಿಡಿಯುವ ಬಗೆ

ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ನನಗೆ 14 ವರ್ಷ. ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲು ಲೋಟ, ಬಸಿ ತೊಳೆಯುತ್ತಿದ್ದೆ. ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿಗಳು ಕಡಿಮೆಯಾದರೆ ಒಂದು ತಾಸು ಬಿಡುವು. ಆಗ ಹಾರ್ನಿಮನ್ ಸರ್ಕಲ್ ಹತ್ತಿರದ ಸೇಂಟ್ ಥಾಮಸ್ ಕೆಥೆಡ್ರಲ್ ಒಳಗೆ ಹೋಗಿ ಕೂರುತ್ತಿದ್ದೆ. ಭಕ್ತಿಯೇನೂ ಅಲ್ಲ. ಒಳಗೆ ತಂಪು, ಅಷ್ಟೇ. ಗೋಡೆ ತುಂಬ ಅಮೃತಶಿಲೆ. ಗವರ್ನರ್ ಜೊನಾಥನ್ ಡಂಕನ್, ಹಡಗಿನ ಕ್ಯಾಪ್ಟನ್‌ಗಳು, ಎಳೇ ವಯಸ್ಸಿಗೆ ಸತ್ತ ಸೈನ್ಯದ ಅಧಿಕಾರಿಗಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ನಾನು ಕಲಿತದ್ದೇ ಆ ಕಲ್ಲುಗಳ ಮೇಲೆ. ಇಷ್ಟೆಲ್ಲಾ ದೊಡ್ಡವರನ್ನು ಹೂತು ಮಂತ್ರ ಹೇಳಿದ ಪಾದ್ರಿ ಯಾರು ಎಂಬ ಪ್ರಶ್ನೆ ಆಗಲೇ ಹುಟ್ಟಿತ್ತು. ಉತ್ತರ ಹುಡುಕಲು ಪುರುಸೊತ್ತು ಸಿಕ್ಕಿದ್ದು ಗುಮಾಸ್ತಗಿರಿಯಿಂದ ನಿವೃತ್ತನಾದ ಮೇಲೆ.

ಈಗ ಡೊಂಬಿವಲಿಯಿಂದ ವಾರಕ್ಕೆರಡು ಸಲ ಲೋಕಲ್ ಹತ್ತಿ ಬರುತ್ತೇನೆ. "ನಿಂಗೇನು ಮಾರಾಯಾ, ಇಗರ್ಜಿ ಪಾದ್ರಿ ಹಿಂದೆ ಬಿದ್ದಿದ್ದಿ?" ಎಂದು ಗೆಳೆಯರು ನಗುತ್ತಾರೆ. ಆದರೆ ಇತ್ತೀಚೆಗೆ ಇಬ್ಬರು ಮೂವರು ಹುಡುಗರು, "ಹೇಗೆ ಹುಡುಕೋದು, ಹೇಳಿಕೊಡಿ" ಎಂದರು. ಅವರಿಗಾಗಿ ಇದು.

ಮೊದಲು ಒಬ್ಬನನ್ನು ಆರಿಸಿಕೊಳ್ಳಿ. "ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಗಳು" ಎಂದು ರಾಶಿಗೆ ಕೈ ಹಾಕಿದರೆ ಮುಳುಗುತ್ತೀರಿ. ನಾನು ಹಿಡಿದದ್ದು ಇಬ್ಬರನ್ನು. ಒಬ್ಬ ರಿಚರ್ಡ್ ಕಾಬ್, 1714ರಲ್ಲಿ ಮುಂಬಯಿಗೆ ಬಂದವನು, ಈ ಚರ್ಚು ಎದ್ದು ನಿಲ್ಲಲು ಓಡಾಡಿದವನು. ಇನ್ನೊಬ್ಬ ಅವನಿಗಿಂತ ಹಿಂದಿನ ಜಾನ್ ಓವಿಂಗ್ಟನ್. ಹಡಗಿನ ಪಾದ್ರಿಯಾಗಿ ಬಂದು, ಮುಂಬಯಿ ನೋಡಿ ಹೆದರಿ, ಸೂರತ್ತಿಗೆ ಹೋದವನು. ಇಬ್ಬರೂ ಪುಸ್ತಕ ಬರೆದಿದ್ದಾರೆ. ಹಾಗಾಗಿ ಹಿಡಿಯಲು ಒಂದು ತುದಿ ಸಿಗುತ್ತದೆ.

ಇನ್ನು ನನ್ನ ಪ್ರಶ್ನೆ. ಪಾದ್ರಿಯ ಬದುಕಿನ ಪ್ರತಿ ಹಂತದಲ್ಲೂ ಇದನ್ನೇ ಕೇಳಿ: ಈ ವರ್ಷ ಇವನಿಗೆ ಊಟ ಹಾಕಿದವರು ಯಾರು? ಅವನು ಯಾವ ಉಪದೇಶ ಮಾಡಿದ, ಎಷ್ಟು ಭಕ್ತ, ಇದೆಲ್ಲ ಆಮೇಲೆ. ಉಪದೇಶದ ಪ್ರತಿಯನ್ನು ಇಲಿ ತಿಂದಿರಬಹುದು. ಸಂಬಳ, ದಶಮಾಂಶ, ಬೋರ್ಡಿಂಗ್, ಇವುಗಳ ಲೆಕ್ಕವನ್ನು ಮಾತ್ರ ಯಾರಾದರೂ ಒಬ್ಬರು ಬರೆದಿಟ್ಟೇ ಇರುತ್ತಾರೆ. ಹೋಟೆಲಿನ ಗಲ್ಲಾದಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ಊಟ ಕಾಲೇಜಿನದು. ಆ ಕಾಲದ ಇಂಗ್ಲೆಂಡಿನ ಪಾದ್ರಿಗಳಲ್ಲಿ ಬಹಳ ಜನ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ನಲ್ಲಿ ಓದಿದವರು. ಕೇಂಬ್ರಿಜ್‌ನವರ ಪಟ್ಟಿಯನ್ನು ವೆನ್ ಎಂಬ ಅಪ್ಪ-ಮಗ ಮಾಡಿದ್ದಾರೆ. ಆಕ್ಸ್‌ಫರ್ಡಿನದನ್ನು ಜೋಸೆಫ್ ಫಾಸ್ಟರ್ ಮಾಡಿದ್ದಾನೆ. ಎರಡೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಬ್ಬೊಬ್ಬನಿಗೆ ನಾಲ್ಕೈದು ಸಾಲು, ಅದೂ ಮೊಟಕು ಅಕ್ಷರಗಳಲ್ಲಿ. 'ಆರ್.' ಎಂದರೆ ರೆಕ್ಟರ್, 'ವಿ.' ಎಂದರೆ ವಿಕಾರ್, 'ಸಿ.' ಎಂದರೆ ಕ್ಯುರೇಟ್. ಮೂವರೂ ಪಾದ್ರಿಗಳೇ, ವ್ಯತ್ಯಾಸ ಮುಂದೆ ಹೇಳುತ್ತೇನೆ. ಹುಡುಗ ಯಾವ ದರ್ಜೆಯಲ್ಲಿ ಸೇರಿದ ಎಂಬುದನ್ನು ದಾಟಿಸಿ ಓದಬೇಡಿ. ಕೇಂಬ್ರಿಜ್‌ನಲ್ಲಿ ದುಡ್ಡು ಕೊಟ್ಟು ಉಣ್ಣುವವನು ಪೆನ್ಷನರ್. ಈಗಿನ ಪೆನ್ಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ಬಡವನು ಸೈಜರ್. ಆಕ್ಸ್‌ಫರ್ಡಿನಲ್ಲಿ ಅವನ ಹೆಸರು ಸರ್ವಿಟರ್. ಇವರು ಶ್ರೀಮಂತ ಹುಡುಗರಿಗೆ ಬಡಿಸಬೇಕು, ಚಾಕರಿ ಮಾಡಬೇಕು. ಅದಕ್ಕೆ ಬದಲಾಗಿ ಕಡಿಮೆ ಖರ್ಚಿನಲ್ಲಿ ಓದು. ಎಷ್ಟೋ ಕಡೆ ಮೇಲಿನ ಪಂಕ್ತಿಯಲ್ಲಿ ಉಳಿದದ್ದೇ ಇವರ ಊಟ.

ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮಲ್ಲಿ ವಾರಾನ್ನ ಉಂಡು ಓದಿದವರ ಕಥೆ ಎಷ್ಟು ಕೇಳಿಲ್ಲ? ನಾನೇ ತಟ್ಟೆ ತೊಳೆದು ರಾತ್ರಿ ಓದಿದವನು. 'ಸೈಜರ್' ಎಂಬ ಒಂದು ಮಾತು ಕಂಡರೆ ಆ ಹುಡುಗನ ಅಪ್ಪನ ಮನೆ ಎಂಥದ್ದಿತ್ತೆಂದು ಅಂದಾಜು ಮಾಡಬಹುದು. ಮುಂದೆ ಅವನು ಆರು ತಿಂಗಳ ಸಮುದ್ರಕ್ಕೆ ಯಾಕೆ ಒಪ್ಪಿದ ಎಂಬುದೂ ಕೆಲವು ಸಲ ಅಲ್ಲೇ ಹೊಳೆಯುತ್ತದೆ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ? ಓವಿಂಗ್ಟನ್ ಮೊದಲು ಓದಿದ್ದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ. ಕೇಂಬ್ರಿಜ್ ಆಮೇಲೆ ಅವನ ಪದವಿಯನ್ನು ತನ್ನದೆಂದು ಒಪ್ಪಿಕೊಂಡಿತು. ಇದಕ್ಕೆ 'ಇನ್‌ಕಾರ್ಪೊರೇಟೆಡ್' ಎಂದು ಬರೆದಿರುತ್ತಾರೆ. ಆ ಮಾತು ಕಂಡರೆ ಅವನ ಮೊದಲ ಊಟ ಬೇರೆ ಕಡೆ ಆಗಿದೆ ಎಂದರ್ಥ. ಅಲ್ಲಿಗೆ ಹೋಗಿ ಹುಡುಕಿ.

ಕಾಲೇಜು ಮುಗಿದ ಮೇಲೆ ದೀಕ್ಷೆ. 23 ತುಂಬಿದರೆ ಡೀಕನ್ (ಕೆಳಗಿನ ಮೆಟ್ಟಿಲು), 24 ತುಂಬಿದರೆ ಪ್ರೀಸ್ಟ್ (ಪೂರ್ತಿ ಪಾದ್ರಿ), ಇದು ನಿಯಮ. ಹುಟ್ಟಿದ ವರ್ಷ ಸಿಗದಿದ್ದರೆ ದೀಕ್ಷೆಯ ವರ್ಷದಿಂದ ಹಿಂದಕ್ಕೆ ಎಣಿಸಿ, ಅಂದಾಜು ಬರುತ್ತದೆ. ಇಲ್ಲಿಂದ ಮುಂದಕ್ಕೆ ನಿಮ್ಮ ಕೈಹಿಡಿಯುವುದು ಕ್ಲರ್ಜಿ ಆಫ್ ದ ಚರ್ಚ್ ಆಫ್ ಇಂಗ್ಲೆಂಡ್ ಡೇಟಾಬೇಸ್ ಎಂಬ ಜಾಲತಾಣ. 1540ರಿಂದ 1835ರವರೆಗಿನ ಪಾದ್ರಿಗಳ ದೀಕ್ಷೆ, ನೇಮಕ, ರಾಜೀನಾಮೆ ಎಲ್ಲ ಅಲ್ಲಿದೆ. ಕಾಸು ಕೊಡಬೇಕಿಲ್ಲ. ಆದರೆ ಒಂದು ಎಚ್ಚರ. ಬೇರೆ ಬೇರೆ ಬಿಷಪ್ಪರ ದಫ್ತರಗಳಲ್ಲಿ ಸಿಕ್ಕ ಚೂರುಗಳನ್ನು ಯಾರೋ ಕೂತು ಒಬ್ಬ ಮನುಷ್ಯನ ಹೆಸರಿಗೆ ಜೋಡಿಸಿದ್ದಾರೆ. ಜೋಡಿಸದೆ ಉಳಿದ ಚೂರುಗಳೂ ಇವೆ. ನಾನು ಶುರುವಿನಲ್ಲಿ ಒಂದೇ ಹೆಸರಿನ ಇಬ್ಬರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದ್ದೆ. ಆ ಮಹಾನುಭಾವ 97 ವರ್ಷ ಬದುಕಿ, ಎರಡು ಜಿಲ್ಲೆಗಳಲ್ಲಿ ಇಬ್ಬರು ಹೆಂಡಿರ ಜೊತೆ ಸಂಸಾರ ಮಾಡುತ್ತಿದ್ದ! ಹೆಸರು ಒಂದೇ ಆಗಿದ್ದರೆ ಸಾಲದು. ಕಾಲೇಜು, ಪದವಿ, ಊರು, ಇವುಗಳಲ್ಲಿ ಎರಡಾದರೂ ಹೊಂದಬೇಕು.

ಈಗ ದೊಡ್ಡ ಊಟ. ಇಂಗ್ಲೆಂಡಿನ ಹಳ್ಳಿ ಪಾದ್ರಿಯನ್ನು ಸಾಕುತ್ತಿದ್ದದ್ದು ದಶಮಾಂಶ, ಬೆಳೆಯ ಹತ್ತರಲ್ಲೊಂದು ಪಾಲು. ಜೊತೆಗೆ ಚರ್ಚಿನ ಜಮೀನು, ನಮ್ಮ ಉಂಬಳಿ ಇದ್ದ ಹಾಗೆ. ರೆಕ್ಟರ್ ಆದವನಿಗೆ ಪೂರ್ತಿ ದಶಮಾಂಶ. ವಿಕಾರನಿಗೆ ಸಾಮಾನ್ಯವಾಗಿ ಚಿಲ್ಲರೆ ಪಾಲು: ಕುರಿಮರಿ, ಮೊಟ್ಟೆ, ಹಣ್ಣು, ಇಂಥದ್ದು. ಧಾನ್ಯ, ಹುಲ್ಲು ಬೇರೆಯವರ ಕಣಜಕ್ಕೆ. ಕ್ಯುರೇಟ್ ಎಂದರೆ ಇವರ ಬದಲಿಗೆ ಕೆಲಸ ಮಾಡುವ ಸಂಬಳದ ಆಳು. ಹಾಗಾಗಿ ಒಬ್ಬನೇ ಮನುಷ್ಯ 'ಸಿ.'ಯಿಂದ 'ವಿ.'ಗೆ, ಅಲ್ಲಿಂದ 'ಆರ್.'ಗೆ ಹೋದರೆ ಅದು ಬಡ್ತಿ. ಎರಡೆರಡು ಊರಿನ 'ಆರ್.' ಒಟ್ಟಿಗೆ ಇದ್ದರೆ, ಒಂದು ಊರಿನಲ್ಲಿ ಇನ್ಯಾವನೋ ಬಡ ಕ್ಯುರೇಟ್ ದುಡಿಯುತ್ತಿದ್ದಾನೆ ಎಂದು ತಿಳಿಯಿರಿ. ಅವನನ್ನೂ ಹುಡುಕಿ. ನನಗಂತೂ ಅವನ ಕಥೆಯೇ ಜಾಸ್ತಿ ಇಷ್ಟ.

ಈ ಜಾಗ ಸಿಗುವುದು ಹೇಗೆ? ಪ್ರತಿ ಚರ್ಚಿಗೂ ಪಾದ್ರಿಯನ್ನು ಸೂಚಿಸುವ ಹಕ್ಕಿನ ಧಣಿ ಒಬ್ಬ ಇರುತ್ತಾನೆ. ರಾಜ, ಬಿಷಪ್, ಕಾಲೇಜು, ಇಲ್ಲವೇ ಊರಿನ ಜಮೀನ್ದಾರ. ಆ ಹಕ್ಕನ್ನು ಮಾರಲೂಬಹುದು, ಕೊಳ್ಳಲೂಬಹುದು. ಧಣಿ ಸೂಚಿಸಿದ ಮೇಲೆ ಬಿಷಪ್ ಒಪ್ಪಬೇಕು. ಕೊನೆಗೆ ಹೊಸ ಪಾದ್ರಿಯ ಕೈಯನ್ನು ಚರ್ಚಿನ ಬಾಗಿಲಿನ ಬೀಗದ ಕೈ ಮೇಲೆ ಇಡಿಸುತ್ತಾರೆ. ಅವನು ಗಂಟೆ ಬಾರಿಸಿ ಊರಿಗೆ ತಾನು ಬಂದೆ ಎಂದು ತಿಳಿಸುತ್ತಾನೆ. ಈ ಮೂರು ಹಂತಕ್ಕೂ ಬೇರೆ ಬೇರೆ ತಾರೀಕು. ಡೇಟಾಬೇಸ್‌ನಲ್ಲಿ ಪೇಟ್ರನ್ ಎಂಬ ಕಾಲಮ್ಮಿನಲ್ಲಿ ಧಣಿಯ ಹೆಸರಿದ್ದರೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಪಾದ್ರಿ ಯಾರ ಮನೆಯ ಮಕ್ಕಳಿಗೆ ಪಾಠ ಹೇಳಿದ್ದ, ಯಾರ ಹಡಗಿನಲ್ಲಿ ಹೋಗಿದ್ದ ಎಂಬುದು ಆ ಹೆಸರಿನ ಹಿಂದೆ ಅಡಗಿರಬಹುದು.

ಈ ಪಟ್ಟಿಯಲ್ಲಿ ನಡುವೆ ಐದಾರು ವರ್ಷ ಖಾಲಿ ಬಿದ್ದಿದ್ದರೆ ಸತ್ತ ಎಂದುಕೊಳ್ಳಬೇಡಿ. ಹಡಗು ಹತ್ತಿರಬಹುದು. ಕಂಪನಿಯ ಪಾದ್ರಿಗೆ ದಶಮಾಂಶವಿಲ್ಲ, ಧಣಿ ಕಂಪನಿಯೇ. ಇಂಗ್ಲೆಂಡಿನ ರಾಜ ಕೊಟ್ಟ 1698ರ ಸನದಿನ ಪ್ರಕಾರ ಕೋಟೆಗಳಲ್ಲಿ, ದೊಡ್ಡ ಕೋಠಿಗಳಲ್ಲಿ (ವ್ಯಾಪಾರದ ಮನೆಗಳಲ್ಲಿ) ಪಾದ್ರಿ ಇರಬೇಕು. ಬಂದವನು ಒಂದು ವರ್ಷದೊಳಗೆ ಪೋರ್ಚುಗೀಸ್ ಕಲಿಯಬೇಕು. 500 ಟನ್ನಿನ ಮೇಲಿನ ಹಡಗಿಗೂ ಒಬ್ಬ ಪಾದ್ರಿ ಬೇಕು. ಕಂಪನಿ ಏನು ಮಾಡಿತು ಗೊತ್ತಾ? ಹಡಗುಗಳನ್ನು 499 ಟನ್ ಎಂದು ಬರೆಸಿ ಬಾಡಿಗೆಗೆ ಹಿಡಿಯತೊಡಗಿತು. ನಮ್ಮ ಫೋರ್ಟಿನ ವ್ಯಾಪಾರಿಗಳು ಇದನ್ನು ಕೇಳಿದರೆ ಮೆಚ್ಚಿ ತಲೆದೂಗುತ್ತಾರೆ.

ಓವಿಂಗ್ಟನ್‌ನ ವಿಷಯದಲ್ಲಿ ನನ್ನ ಪ್ರಶ್ನೆಗೆ ಅವನೇ ಬಾಯಿ ತುಂಬ ಉತ್ತರ ಕೊಟ್ಟಿದ್ದಾನೆ. ಅವನ ಸೂರತ್ ಪ್ರವಾಸದ ಪುಸ್ತಕ ಅಚ್ಚಾದದ್ದು 1696ರಲ್ಲಿ. ಹೆಸರಿನಲ್ಲೇ '1689' ಎಂದಿದೆ. ಅದು ಇಂಗ್ಲೆಂಡ್ ಬಿಟ್ಟ ವರ್ಷ. ಮುಂಬಯಿ ಮುಟ್ಟಿದ್ದು 1690ರ ಮೇ ಕೊನೆಗೆ, ಸರಿಯಾಗಿ ಮಳೆಗಾಲದ ಬಾಗಿಲಿಗೆ. ಹಡಗಿನಲ್ಲಿ ಬಂದ 24 ಪ್ರಯಾಣಿಕರಲ್ಲಿ 20 ಮಂದಿ ಮಳೆ ಮುಗಿಯುವುದರೊಳಗೆ ಮಣ್ಣಾದರು ಎನ್ನುತ್ತಾನೆ. ಮುಂಬಯಿಯಲ್ಲಿ ಮನುಷ್ಯನ ಆಯುಷ್ಯ ಎರಡು ಮಳೆಗಾಲ ಎಂಬ ಗಾದೆಯನ್ನು ಬರೆದಿಟ್ಟವನೂ ಇವನೇ. ಇಲ್ಲೇ ಪಾದ್ರಿಯಾಗಿ ಇರು ಎಂದರೂ ಒಪ್ಪದೆ ಸೂರತ್ತಿಗೆ ಹೋದ. ಅಲ್ಲಿ ವರ್ಷಕ್ಕೆ 100 ಪೌಂಡ್ ಸಂಬಳ, ಊಟ, ವಸತಿ, ಕೋಣೆಗೆ ಒಬ್ಬ ಪ್ಯೂನ್. ಕಂಪನಿಯ ಪಂಕ್ತಿಯಲ್ಲಿ ಬೆಳ್ಳಿ ತಟ್ಟೆ. ಅಡುಗೆಗೆ ಇಂಗ್ಲಿಷಿನವನೊಬ್ಬ, ಪೋರ್ಚುಗೀಸನೊಬ್ಬ, ಇಂಡಿಯಾದವನೊಬ್ಬ. ಪಲಾವ್, ಕಬಾಬ್ ಎಲ್ಲಾ ಬಣ್ಣಿಸಿದ್ದಾನೆ. ಮಸಾಲೆ ಹಾಕಿ ಕುದಿಸಿದ ಚಹಾ ತಲೆನೋವಿಗೆ, ಹೊಟ್ಟೆ ನುಲಿತಕ್ಕೆ ಒಳ್ಳೆಯದು ಎಂಬ ಮಾತೂ ಇದೆ. ಊರಿಗೆ ಹೋದ ಮೇಲೆ 1699ರಲ್ಲಿ ಚಹಾದ ಮೇಲೇ ಒಂದು ಸಣ್ಣ ಪುಸ್ತಕ ಬರೆದ. ಹೋಟೆಲಿನಲ್ಲಿ ಸಾವಿರಾರು ಲೋಟ ಚಹಾ ಕೊಟ್ಟ ನನಗೆ ಇವನ ಮೇಲೆ ಪ್ರೀತಿ ಹುಟ್ಟದೆ ಇರುತ್ತಾ?

ಪುಸ್ತಕದ ಮುಖಪುಟವನ್ನು ಚೆನ್ನಾಗಿ ಓದಿ. ಹೆಸರಿನ ಕೆಳಗೆ ಆ ಹೊತ್ತಿನ ಹುದ್ದೆ ಅಚ್ಚಾಗಿರುತ್ತದೆ. 1696ರ ಪುಸ್ತಕದಲ್ಲಿ ಓವಿಂಗ್ಟನ್ ರಾಜನ ಚಾಪ್ಲೆನ್, ಎಂದರೆ ಆಸ್ಥಾನದ ಪಾದ್ರಿ. ಅಂದರೆ ಸೂರತ್ತಿನ ಬೆಳ್ಳಿ ತಟ್ಟೆಯ ನಂತರ ಅವನ ಅನ್ನದಾತ ಯಾರು ಎಂಬುದು ಒಂದೇ ಸಾಲಿನಲ್ಲಿ ಸಿಕ್ಕಿತು. ಆಮೇಲೆ ಕೆಂಟ್ ಜಿಲ್ಲೆಯ ಲೀ ಎಂಬ ಊರಿನಲ್ಲಿ ರೆಕ್ಟರ್ ಆದ. ಹಳೇ ಅಚ್ಚಿನಲ್ಲಿ ಇನ್ನೊಂದು ತೊಡಕಿದೆ. 'ಎಸ್' ಅಕ್ಷರ ಎಷ್ಟೋ ಕಡೆ 'ಎಫ್' ಥರ ಕಾಣುತ್ತದೆ. ಕಂಪ್ಯೂಟರೂ ಅದನ್ನು ಎಫ್ ಎಂದೇ ಓದುತ್ತದೆ. ಮಾತು ಹುಡುಕಿ ಸಿಗದಿದ್ದರೆ ಎಸ್ ಇದ್ದಲ್ಲಿ ಎಫ್ ಹಾಕಿ ಇನ್ನೊಮ್ಮೆ ಹುಡುಕಿ. ಒಂದು ಗ್ರಂಥಾಲಯದಲ್ಲಿ ನಾನು ಕೇಳಿದ ಪುಸ್ತಕ ಮೂರು ಸಲವೂ "ಬೈಂಡಿಂಗ್‌ಗೆ ಹೋಗಿದೆ". ಕೊನೆಗೆ ಮೊಮ್ಮಗಳು ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ತೆಗೆದುಕೊಟ್ಟಳು.

ತಾರೀಕಿನ ವಿಷಯಕ್ಕೆ ಬರೋಣ. ಇಲ್ಲೇ ಎಲ್ಲರೂ ಜಾರುವುದು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಕಾನೂನಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ ರಿಜಿಸ್ಟರಿನಲ್ಲಿ '1716 ಫೆಬ್ರವರಿ' ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1717. ಎಚ್ಚರದ ಗುಮಾಸ್ತರು '1716/17' ಎಂದು ಬರೆಯುತ್ತಿದ್ದರು. ನೀವೂ ಹಾಗೇ ಬರೆದುಕೊಳ್ಳಿ. ಇಲ್ಲದಿದ್ದರೆ ಹುಟ್ಟುವ ಮುಂಚೆಯೇ ಮಗುವಿಗೆ ದೀಕ್ಷಾಸ್ನಾನ ಮಾಡಿಸುತ್ತೀರಿ.

ಮುಂಬಯಿಯಲ್ಲಿ ಇದರ ಮೇಲೆ ಇನ್ನೊಂದು ಗಂಟು. ಇಂಗ್ಲಿಷರದು ಹಳೇ ಜೂಲಿಯನ್ ಪಂಚಾಂಗ, ಪೋರ್ಚುಗೀಸರದು ಹೊಸ ಗ್ರೆಗೋರಿಯನ್. 1700ರ ನಂತರ ನಡುವೆ 11 ದಿನ ವ್ಯತ್ಯಾಸ. 1739ರಲ್ಲಿ ಮರಾಠರು ವಸಾಯಿ ಗೆಲ್ಲುವವರೆಗೆ ಬಾಂದ್ರಾ ಪೋರ್ಚುಗೀಸರ ಕೈಯಲ್ಲಿತ್ತು. ಮಾಹಿಮಿನ ಖಾಡಿಯ ಈ ದಡದಲ್ಲಿ ಒಂದು ತಾರೀಕು, ಆ ದಡದಲ್ಲಿ ಇನ್ನೊಂದು! ಕಾಬ್‌ನ ಚರ್ಚು ತೆರೆದದ್ದು 1718ರ ಕ್ರಿಸ್‌ಮಸ್ ದಿನ. ಅದೇ ದಿನ ಬಾಂದ್ರಾದಲ್ಲಿ 1719ರ ಜನವರಿ 5. ಅಲ್ಲಿಯವರು ಕ್ರಿಸ್‌ಮಸ್ ಮುಗಿಸಿ 11 ದಿನ ಆಗಿತ್ತು. ಯಾವುದೇ ಕಾಗದ ಕಂಡರೂ ಬರೆದವರು ಖಾಡಿಯ ಯಾವ ದಡದವರು ಎಂದು ಮೊದಲು ನೋಡಿ.

ಮುಂಬಯಿ ಪಾದ್ರಿಗಳು ಮಾಡಿಸಿದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪಟ್ಟಿಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮುಂಬಯಿಯ ಕಟ್ಟಿನ ಗುರುತು 'ಎನ್/3', 1709ರಿಂದ ಶುರು. ಪಾದ್ರಿಯ ಜಾಡು ಹಿಡಿಯಲು ಇದರಲ್ಲಿ ನೋಡಬೇಕಾದ್ದು ಸತ್ತವರ ಹೆಸರಿಗಿಂತ ಕೆಳಗಿನ ಸಹಿ. ಸಹಿ ಯಾವಾಗ ಬದಲಾಯಿತೋ ಅಲ್ಲಿಗೆ ಒಬ್ಬನ ಪಾಳಿ ಮುಗಿಯಿತು. ಇಲ್ಲೇ ನೋಡಬೇಕೆಂದರೆ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ಸರ್ಕಾರದ ದಫ್ತರಖಾನೆ ಇದೆ, ಟೌನ್ ಹಾಲಿನ ಏಷ್ಯಾಟಿಕ್ ಸೊಸೈಟಿ ಇದೆ. ಗುರುತಿನ ಚೀಟಿ, ಅರ್ಜಿ, ತಾಳ್ಮೆ ಮೂರೂ ಇರಲಿ. ಪೆನ್ನು ಒಳಗೆ ಬೇಡ, ಪೆನ್ಸಿಲ್ ಒಯ್ಯಿರಿ. ಪಾದ್ರಿ ಊರಿಗೆ ಹೋಗಿ ಸತ್ತಿದ್ದರೆ ಉಯಿಲು ಹುಡುಕಿ. ಕ್ಯಾಂಟರ್ಬರಿ ಕೋರ್ಟ್ ಎಂಬ ಚರ್ಚಿನ ನ್ಯಾಯಾಲಯದ ಉಯಿಲುಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಹೆಸರಿನ ಪಟ್ಟಿಯನ್ನು ಮನೆಯಿಂದಲೇ ನೋಡಬಹುದು.

ಕೊನೆಯದು, ಸಾಕ್ಷಿಗಳನ್ನು ಎದುರುಬದುರು ಕೂರಿಸುವುದು. ಕಾಬ್ ತನ್ನ ಚರ್ಚಿನ ಕಥೆಯನ್ನು ತಾನೇ ಬರೆದು 1766ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಗವರ್ನರ್ ಆಂಜಿಯರ್ ಕಾಲದಲ್ಲಿ ಶುರುವಾದ ಗೋಡೆ 15 ಅಡಿ ಎದ್ದು ಸುಮಾರು 40 ವರ್ಷ ಹಾಗೇ ನಿಂತಿತ್ತು. 1715ರ ಟ್ರಿನಿಟಿ ಭಾನುವಾರ ಎಂಬ ಚರ್ಚಿನ ಹಬ್ಬದ ದಿನ ಕಾಬ್ ಅದರ ಬಗ್ಗೆ ಉಪದೇಶ ಮಾಡಿದ, ಚಂದಾ ಎತ್ತಿದ. ಈ ಕಥೆಯಲ್ಲಿ ನಾಯಕ ಕಾಬ್. ಇನ್ನು 1727ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗಿನ ವ್ಯಾಪಾರಿ ಬರೆದದ್ದನ್ನು ಓದಿ. ಮೊದಲು ಕೂಡಿದ್ದ 5,000 ಪೌಂಡಿಗೂ ಜಾಸ್ತಿ ಚಂದಾ ಹಣವನ್ನು ಹಿಂದೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ಜಾನ್ ಚೈಲ್ಡ್ ನುಂಗಿದ ಎನ್ನುತ್ತಾನೆ. ಚರ್ಚು ಮುಗಿಸಿದ ಕೀರ್ತಿಯನ್ನು ಗವರ್ನರ್ ಬೂನ್‌ಗೆ ಕೊಡುತ್ತಾನೆ. ಯಾರನ್ನು ನಂಬುವುದು? ತಾರೀಕು ನೋಡಿ. ಕಾಬ್ ಉಪದೇಶ ಮಾಡಿದ್ದು ಬೇಸಿಗೆ ದಾಟುವ ಹೊತ್ತಿಗೆ. ಬೂನ್ ಗವರ್ನರ್ ಆದದ್ದು ಆ ವರ್ಷದ ಡಿಸೆಂಬರ್ ಕೊನೆಗೆ. ಹಾಗಾಗಿ ಮೊದಲ ಮಾತು ಪಾದ್ರಿಯದೇ. ದುಡ್ಡಿನ ಬಲ ಬೂನ್‌ನದು ಇರಬಹುದು. ಚೈಲ್ಡ್ ನುಂಗಿದನೋ ಇಲ್ಲವೋ, ಹ್ಯಾಮಿಲ್ಟನ್‌ಗೂ ಕಂಪನಿಯ ಧಣಿಗಳಿಗೂ ಆಗುತ್ತಿರಲಿಲ್ಲ ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಕಾಬ್‌ನ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಚರ್ಚು ತೆರೆದ ದಿನ ಸುತ್ತ ನೆರೆದ ಜನರಲ್ಲಿ ರಾಮ ಎಂಬವನು ತನ್ನ ಜಾತಿಯವರೊಂದಿಗೆ ಬಂದು, ಪೂಜೆಯ ಶಿಸ್ತು ಮೆಚ್ಚಿ, ಕೊನೆಯವರೆಗೂ ನಿಂತು ನೋಡಿದ ಎಂದಿದೆ. ಇವನೇ ರಾಮಾಜಿ ಕಾಮತಿ, ಶೆಣ್ವಿ ವ್ಯಾಪಾರಿ. 1715ರಲ್ಲಿ ವಾಲ್ಕೇಶ್ವರ ದೇವಸ್ಥಾನವನ್ನು ಮತ್ತೆ ಕಟ್ಟಿಸಿದವನು. ನಮ್ಮ ಕರಾವಳಿಯಲ್ಲಿ ಕಾಮತರಿಗೆ ಬರವೇ? ಆದರೆ ಇಂಗ್ಲಿಷ್ ಕಾಗದಗಳಲ್ಲಿ ಇವನ ಹೆಸರು ನಾಲ್ಕೈದು ಥರ ಇದೆ. ಒಂದೊಂದು ಕಾಗುಣಿತ ಹಾಕಿ ಬೇರೆ ಬೇರೆಯಾಗಿ ಹುಡುಕಬೇಕು. ಚರ್ಚು ತೆರೆದ ಎರಡು ವರ್ಷಕ್ಕೆ, ಅದೇ ಬೂನ್ ಗವರ್ನರ್ ಆಗಿದ್ದಾಗ, ಮರಾಠರ ನೌಕಾಪಡೆಯ ಮುಖ್ಯಸ್ಥ ಕಾನ್ಹೋಜಿ ಆಂಗ್ರೆಯ ಜೊತೆ ಒಳಸಂಚು ಎಂಬ ಆರೋಪ ಅವನ ಮೇಲೆ ಬಂತು. ಸಾಕ್ಷಿಯಾಗಿ ತೋರಿಸಿದ ಪತ್ರಗಳು ಸುಳ್ಳು ಸೃಷ್ಟಿ. ಆಸ್ತಿ ಜಪ್ತಿಯಾಯಿತು. 1728ರಲ್ಲಿ ಸೆರೆಯಲ್ಲೇ ಸತ್ತ.

ಇವನ ಜಾಡು ಹಿಡಿಯಲು ಕಾಲೇಜಿನ ಪಟ್ಟಿ ಇಲ್ಲ, ಬಿಷಪ್ಪರ ದಫ್ತರವಿಲ್ಲ. ಪಾದ್ರಿಯ ಪುಸ್ತಕ, ಮೊಕದ್ದಮೆಯ ಕಾಗದ, ವಾಲ್ಕೇಶ್ವರ, ಇಷ್ಟೇ. ಸದ್ಯ ನಾನು ಅಲ್ಲೇ ಇದ್ದೇನೆ. ಪ್ರಶ್ನೆ ಮಾತ್ರ ತಿರುಗಿ ನಿಂತಿದೆ. ಇವನು ಯಾರ್ಯಾರಿಗೆ ಊಟ ಹಾಕುತ್ತಿದ್ದ ಎಂದು ಹುಡುಕುತ್ತಿದ್ದೇನೆ. ಬರುವವರಿದ್ದರೆ ಗುರುವಾರ ಮಧ್ಯಾಹ್ನ ಮೂರಕ್ಕೆ ಬನ್ನಿ, ಕೆಥೆಡ್ರಲ್ ಎದುರಿನ ಕಾರಂಜಿಯ ಹತ್ತಿರ ಸಿಗುತ್ತೇನೆ. ಪೆನ್ಸಿಲ್ ನಿಮ್ಮದೇ ತನ್ನಿ.